ಕೇಳಿದ್ದು ಕಫ, ಕೊಟ್ಟದ್ದು ಎಂಜಲು

ನ್ಯುಮೋನಿಯಾ ರೋಗಿಯ ಕಫ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಹೋದರೆ ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಲು ಎರಡು ಮೂರು ದಿನ ಬೇಕು. ಮಂಡ್ಯದ ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವವರಿಗೆ ಅಷ್ಟು ಪುರುಸೊತ್ತಿಲ್ಲ. ಬಯೋಫೈರ್ ನ್ಯುಮೋನಿಯಾ ಪ್ಯಾನೆಲ್‌ನಂಥ, ಜೀನ್ ತುಣುಕುಗಳನ್ನು ನಕಲಿಸಿ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಸುಮಾರು ಒಂದು ಗಂಟೆಯಲ್ಲಿ 18 ಬ್ಯಾಕ್ಟೀರಿಯಾ, 8 ವೈರಸ್, ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತೆ ಮಾಡುವ 7 ಬಗೆಯ ಪ್ರತಿರೋಧ ಜೀನ್‌ಗಳನ್ನು ಹುಡುಕಿಬಿಡುತ್ತದೆ. ಬೇಕಾಗುವ ಕಫ ಸುಮಾರು 0.2 ಮಿಲಿಲೀಟರ್. ಅಂಟು ಕಫ ಪಿಪೆಟ್‌ಗೆ ಏರದ ಕಾರಣ ಸ್ವ್ಯಾಬ್ ಅದ್ದಿ ತೆಗೆಯುತ್ತಾರೆ.

ಕೆಡುವುದು ಯಂತ್ರದಲ್ಲಲ್ಲ, ಡಬ್ಬಿಯಲ್ಲಿ. "ಕಫ ಕೊಡಿ ಅಜ್ಜಿ" ಅಂದರೆ ಎಂಜಲು ಉಗಿದುಕೊಡುವವರೇ ಹೆಚ್ಚು. ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಉಸಿರು ತುಂಬಿಕೊಂಡು, ಎದೆಯಾಳದಿಂದ ಕ್ಯಾಕರಿಸಬೇಕು. ಸಾಧ್ಯವಾದರೆ ಆ್ಯಂಟಿಬಯೋಟಿಕ್‌ನ ಮೊದಲ ಡೋಸ್‌ಗೆ ಮುಂಚೆ. ಸ್ಲೈಡಿಗೆ ಗ್ರಾಮ್ ಬಣ್ಣ ಹಾಕಿ ಮೈಕ್ರೋಸ್ಕೋಪಿನ ಲೋ ಪವರ್‌ನಲ್ಲಿ ನೋಡಿದಾಗ ಒಂದು ಫೀಲ್ಡಿನಲ್ಲಿ ಕೀವುಕೋಶ 25ಕ್ಕಿಂತ ಹೆಚ್ಚು, ಬಾಯಿಯ ಚಪ್ಪಟೆ ಕೋಶ 10ಕ್ಕಿಂತ ಕಡಿಮೆ ಇದ್ದರೆ ಅದು ಕಫ. ಇಲ್ಲದಿದ್ದರೆ ಬಾಯಲ್ಲಿ ಸುಮ್ಮನೆ ಬಿದ್ದಿರುವ ಬ್ಯಾಕ್ಟೀರಿಯಾಗಳೆಲ್ಲ ರಿಪೋರ್ಟ್ ಹತ್ತಿ ಕೂರುತ್ತವೆ. ಮಳವಳ್ಳಿಯಿಂದ ಮೈಸೂರಿನ ಲ್ಯಾಬಿಗೆ ಕಳಿಸುವುದಾದರೆ ಎರಡು ಗಂಟೆಯೊಳಗೆ ತಲುಪಬೇಕು. ತಡವಾಗುವಂತಿದ್ದರೆ ಐಸ್ ಬಾಕ್ಸ್, 2ರಿಂದ 8 ಡಿಗ್ರಿ. ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಡ್ಯಾಶ್‌ಬೋರ್ಡ್ ಮೇಲಿಟ್ಟ ಡಬ್ಬಿಯಲ್ಲಿ ಯಾವುದು ಬೆಳೆಯಿತು, ಯಾವುದು ಸತ್ತಿತು ಎಂದು ಯಾರೂ ಹೇಳಲಾರರು. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಪಿಸಿಆರ್ ಎಣಿಸುತ್ತದೆ.

ರಿಪೋರ್ಟಿನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಜೊತೆ ಸಿಟಿಎಕ್ಸ್-ಎಂ ಎಂಬ ಪ್ರತಿರೋಧ ಜೀನ್ ಮಾತ್ರ ಇದ್ದರೆ ಸೆಫ್ಟ್ರಿಯಾಕ್ಸೋನ್ ಬಿಟ್ಟು ಮೆರೊಪೆನೆಮ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್‌ಗೆ ಹೋಗುತ್ತಾರೆ. ಎನ್‌ಡಿಎಂ (ಇದರ ಎನ್‌ಡಿ ಅಂದರೆ ನ್ಯೂ ಡೆಲ್ಲಿ) ಜೀನ್ ಇದ್ದರೆ ಮೆರೊಪೆನೆಮ್ ಕೂಡ ನಂಬುವಂತಿಲ್ಲ. 2009ರಲ್ಲಿ ವರದಿಯಾದ ಈ ಜೀನ್‌ನ ಹೆಸರಲ್ಲಿ ದೆಹಲಿ ಇದೆ, ಓಡಾಟಕ್ಕೆ ಮಾತ್ರ ಊರಿನ ಹಂಗಿಲ್ಲ. ಇದು ಅಜ್ಟ್ರಿಯೊನಾಮ್ ಎಂಬ ಔಷಧಿಯನ್ನು ಮುರಿಯಲಾರದು. ಆದರೆ ಜೊತೆಗಿರುವ ಸಿಟಿಎಕ್ಸ್-ಎಂ ಮುರಿಯುತ್ತದೆ. ಅದರ ಕೈ ಕಟ್ಟಿಹಾಕಲು ಅವಿಬ್ಯಾಕ್ಟಮ್ ಬೇಕು. ಆದ್ದರಿಂದ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್, ಅಜ್ಟ್ರಿಯೊನಾಮ್ ಎರಡನ್ನೂ ಒಟ್ಟಿಗೆ ಕೊಡುತ್ತಾರೆ. ಸಿಕ್ಕ ಜೀನ್ ಓಎಕ್ಸ್‌ಎ-48 ಒಂದೇ ಆದರೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಒಂದೇ ಸಾಮಾನ್ಯವಾಗಿ ಸಾಕು. ಒಂದು ಗಂಟೆಯ ಉತ್ತರಕ್ಕೆ ಬೆಲೆ ಬರುವುದು ಇಲ್ಲಿ.

ಒಂದೇ ಕಫದಲ್ಲಿ ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಎರಡೂ ಬ್ಯಾಕ್ಟೀರಿಯಾ ಸಿಕ್ಕು ಎನ್‌ಡಿಎಂ ಕಂಡರೆ, ಜೀನ್ ಯಾರ ಜೇಬಿನದು ಎಂದು ಪ್ಯಾನೆಲ್ ಹೇಳುವುದಿಲ್ಲ. ಜೀನ್ ಸಿಗಲಿಲ್ಲವೆಂದರೆ ಔಷಧಿ ನಾಟುತ್ತದೆ ಎಂದೂ ಅಲ್ಲ: ಔಷಧಿ ಒಳನುಗ್ಗುವ ಬಾಗಿಲನ್ನೇ ಸ್ಯೂಡೊಮೊನಾಸ್ ಮುಚ್ಚಿಕೊಂಡಿರಬಹುದು; ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಲ್ಲಿ ಹೆಚ್ಚಾಗಿ ಕಾಣುವ ಓಎಕ್ಸ್‌ಎ-23 ಜೀನ್ ಈ ಏಳರ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಸ್ವ್ಯಾಬ್ ಅದ್ದಿ ಉಳಿದ ಕಫವನ್ನು ಅವತ್ತೇ ಕಲ್ಚರ್ ಪ್ಲೇಟಿಗೆ ಹಾಕುತ್ತಾರೆ.