ಮರದ ಲೆಕ್ಕ, ಮಣ್ಣಿನ ಲೆಕ್ಕ

ಸಂಡೂರಿನ ಗುಡ್ಡಗಳಲ್ಲಿ ಗಣಿಯಾದ ಜಾಗಕ್ಕೆ ಮತ್ತೆ ಹಸಿರು ತರುವುದು ನನ್ನ ಕೆಲಸ. ಹೊಸದಾಗಿ ಬಂದವರೆಲ್ಲ ಮೊದಲು ಕೇಳುವುದು ಒಂದೇ: "ಎಷ್ಟು ಮರ ಹೋಯ್ತು ಸಾರ್?" 2024ರಲ್ಲಿ ಇಲ್ಲಿನ ದೇವದಾರಿ ಕಬ್ಬಿಣದ ಅದಿರಿನ ಗಣಿ ಸುದ್ದಿಯಾದಾಗಲೂ, ಅದಕ್ಕೆ 99,330 ಮರ ಕಡಿಯಬೇಕು ಎಂಬ ಅಂಕಿಯೇ ಎಲ್ಲರ ಬಾಯಲ್ಲಿತ್ತು. ಸಣ್ಣ ಸಂಖ್ಯೆಯೇನಲ್ಲ. ಆದರೆ ಎಣಿಸೋಕೆ ಸುಲಭ ಅಂತ ಮರವನ್ನೇ ಎಣಿಸುತ್ತೇವೆ, ಅಲ್ವಾ?

ನಾನು ಅವರನ್ನು ಗಣಿಯ ಅಂಚಿನಲ್ಲಿ ಇನ್ನೂ ಕಾಡು ಉಳಿದಿರುವ ಕಡೆ ಕರೆದೊಯ್ಯುತ್ತೇನೆ. ದಿಂಡಿಗದ ಮರದ ಬುಡದಲ್ಲಿ ತರಗೆಲೆ ಸರಿಸಿದರೆ ಕಂದು ಮಣ್ಣು. ಎಷ್ಟೋ ಕಡೆ ಒಂದು ಗೇಣೂ ಇಲ್ಲ. ಬೇರಿನ ಎಳೆ, ಗೆದ್ದಲು, ಬೂಷ್ಟಿನ ಬಿಳಿ ನೂಲು, ಮಳೆಗೆ ಕಾದು ಕೂತ ಬೀಜ, ಎಲ್ಲ ಅದರೊಳಗೇ. ಕೆಳಗೆ ಬರೀ ಕಲ್ಲು.

ಬುಲ್ಡೋಜರ್ ಮೊದಲು ಕೆರೆಯುವುದು ಇದನ್ನೇ. ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿ ಕಾಪಾಡಿ, ಆಮೇಲೆ ಮತ್ತೆ ಹರಡಬೇಕು ಅನ್ನುತ್ತದೆ ನಿಯಮ. ಒಂದು ಗಣಿಯಲ್ಲಿ ಆ ರಾಶಿ ಎಲ್ಲಿ ಅಂತ ಹುಡುಕಿದೆ. ವೇಸ್ಟ್ ಡಂಪಿನ, ಅಂದರೆ ಗಣಿಯಿಂದ ತೆಗೆದು ಸುರಿದ ಬೇಡದ ಕಲ್ಲುಮಣ್ಣಿನ ಗುಡ್ಡೆಯ, ಅಡಿ ಸೇರಿಹೋಗಿತ್ತು! ಕಾಪಾಡಿಟ್ಟರೂ ವರ್ಷಗಟ್ಟಲೆ ರಾಶಿಯಲ್ಲೇ ಬಿದ್ದರೆ ಒಳಗಿನ ಜೀವ ಸಾಯುತ್ತದೆ.

ಇನ್ನು ನೀರು. ಈ ಗುಡ್ಡಗಳ ಅದಿರಿನಲ್ಲಿ ಬಿರುಕು, ತೂತು ಜಾಸ್ತಿ. ಮಳೆ ನೀರು ಅದರಲ್ಲಿ ಇಂಗಿ, ತಿಂಗಳುಗಟ್ಟಲೆ ಬುಡದಲ್ಲಿ ಒರತೆಯಾಗಿ ಜಿನುಗುತ್ತದೆ. ಅದಿರು ತೆಗೆದರೆ ಆ ತೊಟ್ಟಿಯನ್ನೇ ತೆಗೆದಂತೆ. ಮೇಲೆ ಸುರಿದ ಸಡಿಲ ಮಣ್ಣು ಮಳೆಗಾಲದಲ್ಲಿ ಕೆಂಪಗೆ ಹರಿದು ಹಳ್ಳ ಸೇರುತ್ತದೆ, ಅಲ್ಲಿಂದ ನಾರಿಹಳ್ಳ ಜಲಾಶಯಕ್ಕೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರು ಮಾಡಬೇಕಾದರೆ ಹಾಳಾದ ಜಾಗ ಸರಿಪಡಿಸುವ ಯೋಜನೆ ಬೇಕೆಂದಿತು. ಚೆಕ್ ಡ್ಯಾಮು, ತಡೆಗೋಡೆಗಳು ಹೆಚ್ಚಾಗಿ ಬಂದದ್ದು ಆಮೇಲೆ. ಅವು ಹೂಳು ಹಿಡಿಯುತ್ತವೆ, ನಿಜ. ಒರತೆಯನ್ನು ವಾಪಸ್ ತರುವುದಿಲ್ಲ.

ಡಂಪಿನ ಮೇಲೆ ಗುಂಡಿ ತೋಡಿ, ಕೆರೆಗೋಡು ಮಣ್ಣು, ಸಗಣಿ ಗೊಬ್ಬರ ತುಂಬಿ ಹೊಂಗೆ, ಬೇವು ನೆಡುತ್ತೇವೆ. ಎರಡನೇ ಬೇಸಿಗೆ ದಾಟಿದ ಗಿಡ ಉಳಿದಂತೆ. ಡ್ರೋನ್ ಫೋಟೋದಲ್ಲಿ ಹಸಿರು ಚೆನ್ನಾಗಿಯೇ ಕಾಣುತ್ತದೆ, ವರದಿಗೂ ಅಷ್ಟು ಸಾಕು. ದಿಂಡಿಗದ ಸಸಿ ಮಾತ್ರ ನನಗೆ ಇನ್ನೂ ಒಲಿದಿಲ್ಲ.

ಹತ್ತು ವರ್ಷದ ಹಿಂದೆ ನೆಟ್ಟ ಹೊಂಗೆಯ ಕೆಳಗೆ ಮೊನ್ನೆ ಸುಮ್ನೆ ತರಗೆಲೆ ಸರಿಸಿ ನೋಡಿದೆ. ಹೊಸ ಮಣ್ಣು ಕೂಡಿತ್ತು. ಉಗುರಿನಷ್ಟು ದಪ್ಪ.