ನೀರು ಸಿಹಿ ಇದ್ದರೂ ಹೊಳೆ ಏರುತ್ತದೆ

"ಸರ್, ನೀರು ಕುಡಿದು ನೋಡಿದೆ, ಸಿಹಿ ಇದೆ. ಹಾಗಾದ್ರೆ ಇಲ್ಲಿ ಉಬ್ಬರ ಇಲ್ಲ ಅಲ್ವಾ?"

ಪ್ರತಿ ನವೆಂಬರ್‌ನಲ್ಲಿ ಯಾರಾದರೂ ಒಬ್ಬರು ನನಗೆ ಇದನ್ನು ಕೇಳಿಯೇ ಕೇಳುತ್ತಾರೆ. ಮಳೆ ಬಿಟ್ಟಿರುತ್ತದೆ, ಹೊಳೆ ತಿಳಿಯಾಗಿರುತ್ತದೆ. ಎರಡು ದಿನ ರಜೆ ಹಾಕಿ, ಕಯಾಕ್‌ನಲ್ಲಿ ಹೋಗಿ, ಯಾವುದಾದರೂ ಕುದ್ರುವಿನಲ್ಲಿ, ಅಂದರೆ ಹೊಳೆಯ ನಡುವಿನ ದ್ವೀಪದಲ್ಲಿ, ಟೆಂಟ್ ಹಾಕುವ ಆಸೆ. ಒಳ್ಳೆಯ ಆಸೆಯೇ. ನಮ್ಮ ಉಡುಪಿ ಕಡೆಯ ಸುವರ್ಣಾ, ಸೀತಾ ಹೊಳೆಗಳ ಕುದ್ರುಗಳಲ್ಲಿ ಬೆಳಗಾಗುವುದನ್ನು ನೋಡಿದವರು ಮತ್ತೆ ಮತ್ತೆ ಬರುತ್ತಾರೆ. ಆದರೆ ಈ ಒಂದು ತಪ್ಪು ಲೆಕ್ಕ ಮಾತ್ರ ಜನರ ತಲೆಯಿಂದ ಹೋಗುವುದೇ ಇಲ್ಲ. ನಾನು ಹೇಳಿ ಹೇಳಿ ಸೋತಿದ್ದೇನೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಉಪ್ಪು ಬೇರೆ, ಉಬ್ಬರ ಬೇರೆ. ಸುವರ್ಣಾ ಮತ್ತು ಸೀತಾ ಎರಡೂ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಉಬ್ಬರದ ಹೊತ್ತಿಗೆ ಅಲ್ಲಿ ಸಮುದ್ರದ ಮಟ್ಟ ಮೇಲೇರುತ್ತದೆ. ಆಗ ಘಟ್ಟದಿಂದ ಇಳಿದು ಬಂದ ನೀರಿಗೆ ಹೊರಗೆ ಹೋಗಲು ದಾರಿ ಸಿಗುವುದಿಲ್ಲ. ಅದು ಹಿಂದಕ್ಕೆ ತುಂಬಿಕೊಳ್ಳುತ್ತಾ ಬರುತ್ತದೆ. ಹೀಗೆ ತುಂಬುವುದು ಹೊಳೆಯದೇ ಸಿಹಿನೀರು. ಉಪ್ಪು ಒಂದು ಹನಿ ಬಾರದ ಜಾಗದಲ್ಲೂ ಮಟ್ಟ ಏರುತ್ತದೆ. ಇನ್ನೊಂದು ವಿಷಯ. ಉಪ್ಪುನೀರು ಭಾರ, ಸಿಹಿನೀರು ಹಗುರ. ಮಳೆಗಾಲ ಮುಗಿದ ಹೊಸತರಲ್ಲಿ ಉಪ್ಪುನೀರು ಹೊಳೆಯ ತಳದಲ್ಲಿ ನುಸುಳಿ ಬರುತ್ತದೆ, ಸಿಹಿನೀರು ಮೇಲೆ ತೇಲುತ್ತದೆ. ನೀವು ಬೊಗಸೆಯಲ್ಲಿ ಎತ್ತುವುದು ಮೇಲಿನ ನೀರನ್ನು. ನಾಲಿಗೆ ಹೇಗೆ ತಾನೆ ತಳದ ಸುದ್ದಿ ಹೇಳೀತು?

ಕೆಲವು ವರ್ಷಗಳ ಹಿಂದೆ ನಾಲ್ವರು ಹುಡುಗರು ಕೆಮ್ಮಣ್ಣು ಊರಿನ ಕಡೆಯಿಂದ ಹೊರಟಿದ್ದರು. ಹೊರಡುವ ಮುಂಚೆ ಫೋನ್ ಮಾಡಿ ನನ್ನ ಹತ್ತಿರ ಕೇಳಿದ್ದೂ ಹೌದು. ಉಬ್ಬರ, ಇಳಿತದ ಸಮಯದ ಪಟ್ಟಿ ನೋಡಿ ಅಂದಿದ್ದೆ. ಇವರು ತಲುಪಿದ್ದು ಸಂಜೆ ಐದಕ್ಕೆ. ಇಳಿತ ಮುಗಿಯುವ ಹೊತ್ತು ಅದು. ಕುದ್ರುವಿನ ಅಂಚಿನಲ್ಲಿ ಅಗಲವಾದ ಮರಳು ತೆರೆದುಕೊಂಡಿತ್ತು. ಎಷ್ಟು ಚಂದದ ಜಾಗ ಅಂತ ಅಲ್ಲೇ ಟೆಂಟ್ ಹಾಕಿದರು. ಕಯಾಕ್‌ಗಳನ್ನು ನಾಲ್ಕು ಹೆಜ್ಜೆ ಮೇಲಕ್ಕೆ ಎಳೆದು ಬಿಟ್ಟರು. ಕಟ್ಟಲಿಲ್ಲ. ರಾತ್ರಿ ಹನ್ನೊಂದರ ಸುಮಾರಿಗೆ ಒಬ್ಬನಿಗೆ ಬೆನ್ನಡಿ ತಣ್ಣಗಾಗಿ ಎಚ್ಚರವಾಗಿದೆ. ಟಾರ್ಚ್ ಹಾಕಿ ನೋಡಿದರೆ ಟೆಂಟ್ ಒಳಗೆ ನೀರು. ನಾಲ್ಕು ಕಯಾಕ್‌ಗಳಲ್ಲಿ ಮೂರು ಇಲ್ಲ.

ಖಾಲಿ ಕಯಾಕ್ ತೇಲಲು ಒಂದು ಗೇಣು ನೀರೂ ಬೇಕಾಗಿಲ್ಲ. ಇದನ್ನು ದಯವಿಟ್ಟು ನೆನಪಿಡಿ.

ಪುಣ್ಯಕ್ಕೆ ಆ ಕುದ್ರುವಿನಲ್ಲಿ ಮನೆಗಳಿದ್ದವು. ಒಬ್ಬರು ಅಜ್ಜ ಲಾಟೀನು ಹಿಡಿದು ಬಂದು ಹುಡುಗರನ್ನು ಜಗಲಿಯಲ್ಲಿ ಮಲಗಿಸಿದರು. ಬೆಳಿಗ್ಗೆ ತಮ್ಮ ದೋಣಿಯಲ್ಲೇ ಹುಡುಕಲು ಕರೆದುಕೊಂಡು ಹೋದರು. ಎರಡು ಕಯಾಕ್ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನಲ್ಲಿ ಸಿಕ್ಕಿಕೊಂಡಿದ್ದವು. ಒಂದು ಸಿಗಲೇ ಇಲ್ಲ. ನಾನು ಹೋದಾಗ ಅಜ್ಜ ಹೇಳಿದ ಮಾತು: "ಎಂತ ಮಾರಾಯ್ರೆ, ನೀರು ಸಿಹಿ ಉಂಟು ಅಂತ ಹೊಳೆ ಸುಮ್ನೆ ಕೂರ್ತದಾ?"

ಲೆಕ್ಕ ಕಷ್ಟದ್ದಲ್ಲ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಬೆಳಿಗ್ಗೆ 11ಕ್ಕೆ ಹೊಳೆ ತುಂಬಿದ್ದರೆ ಸಂಜೆ ಐದು ದಾಟಿದ ಮೇಲೆ ಪೂರ್ತಿ ಇಳಿದಿರುತ್ತದೆ, ರಾತ್ರಿ ಹನ್ನೊಂದೂವರೆ ಸುಮಾರಿಗೆ ಮತ್ತೆ ತುಂಬುತ್ತದೆ. ಮರುದಿನ ಇದೆಲ್ಲ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡವಾಗುತ್ತದೆ. ನವಮಂಗಳೂರು ಬಂದರಿನ ಪಟ್ಟಿ ಸಿಕ್ಕರೆ ಅದನ್ನೇ ಅಂದಾಜಿಗೆ ಇಟ್ಟುಕೊಳ್ಳಿ. ಆದರೆ ಅದು ಸಮುದ್ರದ ಬಾಯಿಯ ಸಮಯ. ಹೊಳೆಯಲ್ಲಿ ಮೇಲೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುತ್ತದೆ. ಎಷ್ಟು ತಡ ಅನ್ನುವುದು ಹೊಳೆಯ ಅಗಲ, ತಿರುವು, ಮೇಲಿಂದ ಬರುವ ನೀರು ಇವನ್ನೆಲ್ಲ ನೋಡಿಕೊಂಡು ಇರುತ್ತದೆ. ಹಾಗಾಗಿ ನಾನು ಯಾರಿಗೂ ಇಷ್ಟೇ ನಿಮಿಷ ಅಂತ ಹೇಳುವುದಿಲ್ಲ.

ಜನ ಎಡವುವ ಇನ್ನೊಂದು ಜಾಗ ಇದೆ. ಒಂದೇ ದಿನದ ಎರಡು ಉಬ್ಬರಗಳು ಸಮ ಇರುವುದಿಲ್ಲ. "ಹಗಲು ನೀರು ಇಲ್ಲಿವರೆಗೆ ಬಂದಿತ್ತು, ಅದಕ್ಕಿಂತ ಎರಡಡಿ ಆಚೆ ಹಾಕಿದ್ದೇವೆ" ಅನ್ನುತ್ತಾರೆ. ರಾತ್ರಿಯದು ಹಗಲಿನದಕ್ಕಿಂತ ದೊಡ್ಡದಿದ್ದರೆ? ಮತ್ತೆ, ಎಲ್ಲರಿಗೂ ಬೇಕಾಗಿರುವುದು ಹುಣ್ಣಿಮೆಯ ರಾತ್ರಿ. ಬೆಳದಿಂಗಳು ಚಂದ, ನಿಜ. ಆದರೆ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲೇ ನೀರು ಹೆಚ್ಚು ಏರುವುದು, ಹೆಚ್ಚು ಇಳಿಯುವುದು. ಮೊದಲ ಸಲ ಹೋಗುವವರಿಗೆ ನಾನು ಏರಿಳಿತ ಕಡಿಮೆ ಇರುವ ಅಷ್ಟಮಿಯ ಸುತ್ತಿನ ದಿನಗಳನ್ನೇ ಹೇಳುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಆಗಲಿ.

ಟೆಂಟ್ ಹುಲ್ಲು ಮತ್ತು ತೆಂಗು ಇರುವ ಎತ್ತರದ ನೆಲದಲ್ಲೇ ಇರಬೇಕು. ಒಣಗಿದ ಕಸ, ತೆಂಗಿನ ಸಿಪ್ಪೆ ಗೆರೆ ಹಾಕಿದ ಹಾಗೆ ಬಿದ್ದಿರುತ್ತದಲ್ಲ, ಹಿಂದೊಮ್ಮೆ ನೀರು ಅಲ್ಲಿವರೆಗೆ ಬಂದಿದೆ ಅಂತ ಅರ್ಥ. ಆ ಗೆರೆಯಿಂದ ಹೊಳೆಯ ಕಡೆಗೆ ಮಲಗಬೇಡಿ. ಕಯಾಕ್ ಎಷ್ಟೇ ಮೇಲಿದ್ದರೂ ಮರಕ್ಕೆ ಕಟ್ಟಿ. ತಲುಪಿದ ಕೂಡಲೇ ನೀರಿನ ಅಂಚಿಗೆ ಒಂದು ಕೋಲು ನೆಟ್ಟು, ಅರ್ಧ ಗಂಟೆ ಬಿಟ್ಟು ನೋಡಿ. ಏರುತ್ತಿದೆಯೋ ಇಳಿಯುತ್ತಿದೆಯೋ ಕೋಲೇ ಹೇಳುತ್ತದೆ.

ಹೋಗುವಾಗ ಉಬ್ಬರದ ಜೊತೆ ಮೇಲಕ್ಕೆ, ಬರುವಾಗ ಇಳಿತದ ಜೊತೆ ಕೆಳಕ್ಕೆ. ಹೊಸಬರು ಗಂಟೆಗೆ ನಾಲ್ಕು ಕಿಲೋಮೀಟರ್ ಹೋಗುತ್ತಾರೆ ಅಂದುಕೊಳ್ಳಿ. ಎದುರಿನಿಂದ ಎರಡು ಕಿಲೋಮೀಟರ್ ವೇಗದ ಹರಿವು ಬಂದರೆ ಉಳಿಯುವುದು ಅರ್ಧ. ಮಧ್ಯಾಹ್ನದ ಮೇಲೆ ಪಡುಗಾಳಿ ಬೀಸುತ್ತದೆ. ಇಳಿತದ ನೀರು ಪಡುವಕ್ಕೆ ಓಡುವಾಗ ಗಾಳಿ ಅದಕ್ಕೆ ಎದುರು ಬಂದರೆ, ಅಗಲವಾದ ಜಾಗದಲ್ಲಿ ಗಿಡ್ಡ ಗಿಡ್ಡ ತೆರೆ ಏಳುತ್ತದೆ. ಬೆಳಗಿನ ಇಳಿತ ಸಿಗುವ ದಿನ ನೋಡಿ ವಾಪಸು ಹೊರಡುವುದು ಒಳ್ಳೆಯದು. ಪೂರ್ತಿ ಇಳಿದ ಮೇಲೆ ಹೊರಟರೆ ಕಾಂಡ್ಲಾ ಪಕ್ಕದ ಕೆಸರಿನಲ್ಲಿ ಮೊಣಕಾಲಿನವರೆಗೆ ಹೂತು ಕಯಾಕ್ ಎಳೆಯಬೇಕಾಗುತ್ತದೆ.

ಕುಡಿಯುವ ನೀರು ಮನೆಯಿಂದಲೇ ತನ್ನಿ, ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್. ಬೇಸಿಗೆಯಲ್ಲಿ ಎಷ್ಟೋ ಕುದ್ರುಗಳ ಬಾವಿಯೇ ಉಪ್ಪಾಗುತ್ತದೆ, ಅಲ್ಲಿನವರ ಕೊಡಕ್ಕೆ ಕೈ ಹಾಕುವುದು ಸರಿಯಲ್ಲ. ಸೀತಾ ಹೊಳೆ ಇಳಿದು ಬರುವ ಆಗುಂಬೆ, ಹೆಬ್ರಿ ಕಡೆ ಜೋರು ಮಳೆ ಅಂತ ಸುದ್ದಿ ಇದ್ದರೆ ನಮ್ಮಲ್ಲಿ ಬಿಸಿಲಿದ್ದರೂ ಆ ಹೊಳೆಗೆ ಹೋಗಬೇಡಿ.

ಉಬ್ಬರದ ತಲೆಬಿಸಿಯೇ ಬೇಡ ಅನ್ನುವವರು ಘಟ್ಟ ಹತ್ತಿ ಸಾಗರ ಊರಿನ ಕಡೆ, ಶರಾವತಿ ಹಿನ್ನೀರಿನ ಹೊನ್ನೆಮರಡುವಿಗೆ ಹೋಗಬಹುದು. ಅದು ಅಣೆಕಟ್ಟಿನ ಸಿಹಿನೀರು, ದಿನಕ್ಕೆ ಎರಡು ಸಲ ಏರುವುದಿಲ್ಲ. ಆದರೆ ಅಲ್ಲಿ ಬಯಲು ನೀರಿನ ಮೇಲೆ ಗಾಳಿ ತೆರೆ ಎಬ್ಬಿಸುತ್ತದೆ, ಮುಳುಗಿದ ಮರಗಳ ಬೊಡ್ಡೆಗಳೂ ಇವೆ. ಆ ಊರಿನವರ ಜೊತೆಗೇ ನೀರಿಗಿಳಿಯಿರಿ.

ನಮ್ಮ ಕುದ್ರುಗಳಲ್ಲಿ ಹೆಚ್ಚಿನವು ಯಾರದ್ದೋ ತೋಟ, ಯಾರದ್ದೋ ಮನೆ. ಟೆಂಟ್ ಹಾಕಲು ಹೇಗೂ ಅವರ ಒಪ್ಪಿಗೆ ಕೇಳಬೇಕು. ಆಗಲೇ ಇನ್ನೊಂದು ಮಾತು ಕೇಳಿಬಿಡಿ: "ಅಕ್ಕ, ಇವತ್ತು ರಾತ್ರಿ ನೀರು ಎಲ್ಲಿವರೆಗೆ ಬರ್ತದೆ?" ಅವರು ಅಂಗಳದಲ್ಲಿ ನಿಂತುಕೊಂಡೇ ಯಾವ ತೆಂಗಿನ ಬುಡ ಅಂತ ಕೈ ತೋರಿಸುತ್ತಾರೆ.