ಎರಡು ಸಾಲಿನ ಹಾಡು ನಡುವೆ ನಾಲ್ಕಾದಾಗ

ಕಾರವಾರದ ಕಡೆ ಕ್ರಿಸ್ಮಸ್ ಹತ್ತಿರ ಬಂತೆಂದರೆ ಚರ್ಚುಗಳಲ್ಲಿ ಕ್ವಾಯರ್ ತಾಲೀಮು ಜೋರು. ಹಾಡುವವರ ಕೈಯಲ್ಲಿರುವ ಝೆರಾಕ್ಸ್ ಹಾಳೆ ಇಸಿದುಕೊಂಡು ನೋಡಿ. ಎಷ್ಟೋ ಹಾಡುಗಳಿಗೆ ಎರಡೇ ಸ್ಟಾಫ್, ಅಂದರೆ ಸ್ವರ ಬರೆಯುವ ಐದು ಗೆರೆಗಳ ಸಾಲು, ಇರುತ್ತದೆ. ಮೇಲಿನದರಲ್ಲಿ ಹೆಂಗಸರ ದನಿಗಳಾದ ಸೋಪ್ರಾನೊ ಮತ್ತು ಆಲ್ಟೊ, ಕೆಳಗಿನದರಲ್ಲಿ ಗಂಡಸರ ದನಿಗಳಾದ ಟೆನರ್ ಮತ್ತು ಬಾಸ್. ನಾಲ್ಕೂ ದನಿ ಒಂದೇ ಅಕ್ಷರವನ್ನು ಒಟ್ಟಿಗೆ ಹಾಡುವಾಗ ಇಷ್ಟು ಸಾಕು. ಕಾಗದ ಉಳಿಯುತ್ತದೆ, ಆರ್ಗನ್ ನುಡಿಸುವವರಿಗೂ ಎರಡು ಕೈಗೆ ಎರಡು ಸಾಲು ಸಿಗುತ್ತದೆ.

ತೊಂದರೆ ಶುರುವಾಗುವುದು ದನಿಗಳು ಬೇರೆ ಬೇರೆ ದಾರಿ ಹಿಡಿದಾಗ. ಸೋಪ್ರಾನೊ ಒಂದು ಸ್ವರ ಹಿಡಿದು ನಿಂತಿದೆ, ಬಾಸ್ ಮುಂದಿನ ಸಾಲು ಎತ್ತಿಕೊಂಡಿದೆ. ಈಗ ಒಂದೊಂದು ದನಿಗೂ ಒಂದೊಂದು ಸ್ಟಾಫ್ ಬೇಕು. ಕೈಯಲ್ಲಿ ಬರೆಯುವವರು ಸುಮ್ನೆ ನಾಲ್ಕು ಸಾಲು ಎಳೆದು ಮುಂದೆ ಹೋಗುತ್ತಾರೆ. ಕಂಪ್ಯೂಟರ್‌ಗೆ ಅದು ಅಷ್ಟು ಸಲೀಸಲ್ಲ.

ಟೆನರ್ ಒಂದನ್ನೇ ನೋಡೋಣ. ಎರಡು ಸ್ಟಾಫಿನ ಬರಹದಲ್ಲಿ ಟೆನರ್ ಇರುವುದು ಸಾಲಿನ ಆರಂಭದಲ್ಲಿ ಹಾಕುವ, ತಗ್ಗಿನ ಸ್ವರಗಳ ಗುರುತಾದ ಬಾಸ್ ಕ್ಲೆಫ್‌ನಲ್ಲಿ. ಅಲ್ಲಿ ಮಿಡ್ಲ್ ಸಿ, ಅಂದರೆ ಸುಮಾರು 262 ಹರ್ಟ್ಸ್‌ನ ಸ್ವರ, ಐದು ಗೆರೆಗಳ ಮೇಲೆ ಒಂದು ಪುಟ್ಟ ಗೆರೆಯಲ್ಲಿ ಕೂರುತ್ತದೆ. ನಾಲ್ಕು ಸ್ಟಾಫ್ ಆದಾಗ ಟೆನರ್‌ಗೆ ಎತ್ತರದ ಸ್ವರಗಳ ಗುರುತಾದ ಟ್ರೆಬಲ್ ಕ್ಲೆಫ್ ಬರುತ್ತದೆ, ಅದರ ಬುಡದಲ್ಲಿ ಸಣ್ಣದೊಂದು 8. ಬರೆದದ್ದಕ್ಕಿಂತ ಒಂದು ಆಕ್ಟೇವ್ (ಒಂದು ಸ್ಥಾಯಿ) ಕೆಳಗೆ ಹಾಡಿ ಅಂತ ಅದರ ಅರ್ಥ. ಈಗ ಅದೇ ಸ್ವರ ಕೆಳಗಿನಿಂದ ಮೂರನೇ ಸಂದಿನಲ್ಲಿ ಕಾಣಿಸುತ್ತದೆ. ಅಲ್ಲಿ ಸ್ವರ ಇಟ್ಟು ಆ 8 ಹಾಕಲು ಮರೆತರೆ ಕಂಪ್ಯೂಟರ್ ಸುಮಾರು 523 ಹರ್ಟ್ಸ್ ನುಡಿಸುತ್ತದೆ. ಗಂಡಸರ ಭಾಗ ಸೋಪ್ರಾನೊ ಪಕ್ಕಕ್ಕೆ ಹೋಗಿ ನಿಂತ ಹಾಗೆ!

ಪದಗಳದ್ದು ಇನ್ನೊಂದು ಕತೆ, ಕನ್ನಡದಲ್ಲಂತೂ ಜಾಸ್ತಿ. ಎರಡು ಸ್ಟಾಫಿನ ನಡುವೆ ಒಂದು ಸಾಲು ಪದ ಹಾಕಿದರೆ ನಾಲ್ಕೂ ದನಿಗೆ ಆಯಿತು. ಬೇರೆಯಾದ ಮೇಲೆ ಪ್ರತಿ ದನಿಗೂ ಅದರದೇ ಪದಸಾಲು ಬೇಕು. ‘ಕ್ರಿಸ್ತ’ ಎಂಬುದನ್ನು ಎರಡು ಸ್ವರಕ್ಕೆ ಹಂಚಿದರೆ ‘ಕ್ರಿ’ ಒಂದರ ಕೆಳಗೆ, ‘ಸ್ತ’ ಇನ್ನೊಂದರ ಕೆಳಗೆ. ಎರಡಕ್ಕೂ ಒತ್ತು ಇದೆ. ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ ಬಿಟ್ಟ ಜಾಗ ಸಾಲದೆ ಆ ಒತ್ತುಗಳು ಕೆಳಗಿನ ಸ್ಟಾಫಿನ ಸ್ವರಗಳಿಗೆ ತಾಗಬಹುದು. ಮೂರ್ನಾಲ್ಕು ಪದಸಾಲು ಬಂದಾಗ ಈ ಅಂತರವನ್ನು ಕೈಯಿಂದಲೇ ಸರಿ ಮಾಡಬೇಕಾದೀತು.

ಮ್ಯೂಸ್‌ಸ್ಕೋರ್‌ನಂಥ ಸ್ವರ ಬರೆಯುವ ತಂತ್ರಾಂಶಗಳಲ್ಲಿ ಬಹಳ ಜನ ಹಿಡಿಯುವ ಉಪಾಯ ಹೀಗಿದೆ: ಮೊದಲೇ ಆರು ಸ್ಟಾಫ್ ಮಾಡಿಕೊಳ್ಳುವುದು. ಎರಡು ಕೂಡು ಬರಹಕ್ಕೆ, ನಾಲ್ಕು ಬಿಡಿ ಬರಹಕ್ಕೆ. ಬೇಕಾದ ಕಡೆ ಬೇಕಾದವನ್ನು ತುಂಬಿ, ಖಾಲಿ ಸ್ಟಾಫ್ ಅಡಗಿಸು ಅನ್ನುವುದು. ಜಾಣತನವೇ, ಆದರೆ ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಹಾಡುವ ಆಲ್ಟೊ ಒಬ್ಬಳೇ. ಕಂಪ್ಯೂಟರ್ ಮಾತ್ರ ಅವಳನ್ನು ಇಬ್ಬರೆಂದು ತಿಳಿದಿರುತ್ತದೆ. ಒಂದು ಸ್ವರ ಎರಡು ಸ್ಟಾಫಿನಿಂದ ನಾಲ್ಕಕ್ಕೆ ಹೋಗುವ ಈ ಬದಲಾವಣೆಯನ್ನು ದಾಟಿ ಮುಂದುವರಿಯಬೇಕು ಅಂದರೆ ಅದನ್ನು ಜೋಡಿಸುವ ಟೈ ಒಂದು ಸ್ಟಾಫಿನಿಂದ ಇನ್ನೊಂದಕ್ಕೆ ಹಾರುವುದಿಲ್ಲ. ಪ್ಲೇ ಒತ್ತಿದರೆ ಅದೇ ಸ್ವರ ಎರಡು ಸಲ ಕೇಳುತ್ತದೆ.

ದನಿ ಬೇರೆ, ಅದನ್ನು ಬರೆಯುವ ಸಾಲು ಬೇರೆ ಎಂದು ಮೊದಲೇ ಒಪ್ಪಿಕೊಂಡ ತಂತ್ರಾಂಶವೂ ಇದೆ. 1996ರಲ್ಲಿ ಶುರುವಾದ ಲಿಲಿಪಾಂಡ್‌ನಲ್ಲಿ ನಡೆಯುತ್ತಿರುವ ದನಿಯನ್ನೇ ಇನ್ನೊಂದು ಸ್ಟಾಫಿಗೆ ಕಳಿಸುವ ಆದೇಶ ಇದೆ. 2019ರಲ್ಲಿ ಡೊರಿಕೊ 3 ಎಂಬ ಇನ್ನೊಂದು ತಂತ್ರಾಂಶ, ಬಿಡಿಬಿಡಿಯಾಗಿ ಬರೆದ ಆರ್ಕೆಸ್ಟ್ರಾ ವಾದ್ಯಗಳನ್ನು ತಾನೇ ಒಂದು ಸ್ಟಾಫಿಗೆ ಕೂಡಿಸಿ ತೋರಿಸತೊಡಗಿತು. ಹಾಡಿನಲ್ಲಿ ಪದಗಳೂ ಇರುವುದರಿಂದ ಆ ಕೂಡಾಟ ಇನ್ನಷ್ಟು ಕಷ್ಟ, ಅಲ್ವಾ?

ಆರು ಸ್ಟಾಫಿನ ಉಪಾಯವೇ ಗತಿ ಎನ್ನುವವರು ಬದಲಾವಣೆಯನ್ನು ಪುಟದಲ್ಲಿ ಹಾಡಿನ ಒಂದು ಸಾಲು ಮುಗಿಯುವ ಕಡೆಗೇ ತರಬೇಕು, ಏಕೆಂದರೆ ಅಡಗಿಸುವುದು ಆ ಇಡೀ ಸಾಲಿಗೆ ಅನ್ವಯಿಸುತ್ತದೆ. ಎಲ್ಲರೂ ಉಸಿರು ತೆಗೆದುಕೊಳ್ಳುವ ಜಾಗ ಆದರೆ ಟೈ ತಕರಾರೂ ಇಲ್ಲ. ಹೊಸ ಸಾಲಿನ ಎಡಕ್ಕೆ ದನಿಗಳ ಹೆಸರು ಹಾಕಿ. ಇಲ್ಲದಿದ್ದರೆ ಅಷ್ಟೊತ್ತೂ ಕೆಳಗಿನ ಸ್ಟಾಫಿನ ಮೇಲ್ಭಾಗ ನೋಡಿ ರೂಢಿಯಾದ ಟೆನರ್‌ನವರು, ನಾಲ್ಕು ಸ್ಟಾಫ್ ಕಂಡೊಡನೆ ಬಾಸ್‌ನವರ ಸಾಲು ಹಾಡತೊಡಗುತ್ತಾರೆ.